ಗಾಜಿನ ಪೆಟ್ಟಿಗೆಯಲ್ಲಿ ಅಯಿಂಪೋಕಾಳ ಜೀವ

ಕೆಲವರಿಗೆ ಊರಿನವರೆಲ್ಲರ ಮೇಲೂ ಒಂದೊಂದು ಚಿಟಿಕೆ ಹೊಟ್ಟೆಕಿಚ್ಚಿರುತ್ತದೆ. ನಮ್ಮ ಕುಂಬಿಸಿ ಊರಿನ ಅಯಿಂಪೋಕಾ ಹಾಗೆ ಹಂಚಿ ಹಾಳು ಮಾಡಿದವಳಲ್ಲ. ಇದ್ದಷ್ಟನ್ನೂ ಒಬ್ಬಳಿಗೇ ಮೀಸಲಿಟ್ಟಿದ್ದಳು. ಆ ಒಬ್ಬಳು ಲಮಿಸಿ, ಅವಳ ಓರಗಿತ್ತಿ.

ಅಯಿಂಪೋಕಾ ಆ ಮನೆಗೆ ಹಿರಿಯ ಸೊಸೆಯಾಗಿ ಬಂದಾಗ ಅತ್ತೆ ಅವಳಿಗೆ ಗೋಡೆ ಬರೆಯುವುದನ್ನು ಬೈದು, ಕೈಮೇಲೆ ಹೊಡೆದು ಕಲಿಸಿದಳು. ಸಗಣಿ ಕಲಸಿದ ಕೆಮ್ಮಣ್ಣು ಮೆತ್ತುವುದು, ಹೊಳೆಕಲ್ಲಿನಿಂದ ಉಜ್ಜಿ ನುಣುಪು ಮಾಡುವುದು, ಕಪ್ಪು ಬಿಳಿ ಕೆಂಪಿನಲ್ಲಿ ಗೆರೆ ಎಳೆಯುವುದು, ಕೊನೆಗೆ ಬಣ್ಣ ಮಾಸದಿರಲಿ ಎಂದು ದವದವ ಮರದ ಕಾಯಿಸಿಪ್ಪೆ ಕುದಿಸಿದ ಕಷಾಯ ಬಳಿಯುವುದು. ಎಲ್ಲವನ್ನೂ ಅವಳು ಕಣ್ಣೀರು ಹಾಕಿ ಕಲಿತಳು. ಆಮೇಲೆ ಕಿರಿಯವನ ಹೆಂಡತಿಯಾಗಿ ಲಮಿಸಿ ಬಂದಳು. ಮೊದಲ ದಿನವೇ ಅವಳು ಎಳೆದ ಗೆರೆ ನೋಡಿ ಅತ್ತೆ, "ಇವಳ ಕೈಯಲ್ಲಿ ಗೆರೆ ತಾನಾಗಿ ನೇರ ಹೋಗುತ್ತೆ" ಅಂದುಬಿಟ್ಟಳು. ಅತ್ತೆ ಸತ್ತು ಎಷ್ಟೋ ವರ್ಷವಾಯಿತು, ಆ ಮಾತು ಮಾತ್ರ ಅಯಿಂಪೋಕಾಳ ಎದೆಯಲ್ಲಿ ಇನ್ನೂ ಮುಳ್ಳಾಗಿ ಚುಚ್ಚುತ್ತಲೇ ಇತ್ತು.

ಅಲ್ಲಿಂದ ಮುಂದೆ ಲಮಿಸಿ ಮಾಡಿದ್ದೆಲ್ಲ ತಪ್ಪೇ. ಅವಳ ಬೆಂಡೆಕಾಯಿ ಸಾರಿಗೆ ಗಂಡಸರು ಇನ್ನೊಂದು ಉಂಡೆ ಸಜ್ಜೆಮುದ್ದೆ ಕೇಳುತ್ತಿದ್ದದ್ದು ತಪ್ಪು. ಅವಳ ಗಿನಿಕೋಳಿಗಳು ಹೆಚ್ಚು ಮೊಟ್ಟೆ ಇಡುತ್ತಿದ್ದದ್ದು ತಪ್ಪು. ಗಿನಿಕೋಳಿಯ ಮೊಟ್ಟೆಗೂ ಲಮಿಸಿಯ ಗುಣಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ಅಯಿಂಪೋಕಾ ಅವರನ್ನೂ ಲಮಿಸಿಯ ಪಕ್ಷಕ್ಕೆ ಸೇರಿಸಿಬಿಡುತ್ತಿದ್ದಳು. ತನಗೆ ಬರೀ ಗಂಡುಮಕ್ಕಳು ಹುಟ್ಟಿ, ಲಮಿಸಿಗೆ ಹೆಣ್ಣುಮಕ್ಕಳಾದದ್ದಂತೂ ಬೇಕೆಂದೇ ಮಾಡಿದ್ದು ಅನ್ನಿಸುತ್ತಿತ್ತು. ಇಬ್ಬರೂ ವಿಧವೆಯರಾದರು. ಆಗಲೂ, ಲಮಿಸಿಯ ಗಂಡನ ತಿಥಿಗೆ ಬಂದ ಜನ ತನ್ನ ಗಂಡ ಅಟಾಂಗನ ತಿಥಿಗೆ ಬಂದದ್ದಕ್ಕಿಂತ ಹೆಚ್ಚು ಎಂದು ಅವಳು ಗೊಣಗಿದ್ದನ್ನು ನಮ್ಮ ಓಣಿಯವರೆಲ್ಲ ಕೇಳಿದ್ದಾರೆ.

ಹೀಗಿರುವಾಗ ಜಿಲ್ಲೆಯ ಆಡಳಿತ ನಡೆಸುವ ಜಿಲ್ಲಾ ಅಸೆಂಬ್ಲಿಯವರು ಊರಿನ ಹಳೆಯ ನಾಯಕನ ಮನೆಯನ್ನು ತಮ್ಮ ಉಸ್ತುವಾರಿಗೆ ತೆಗೆದುಕೊಂಡು ಮ್ಯೂಸಿಯಂ ಮಾಡಿದರು. ಅದರ ಗೋಡೆಗಳನ್ನು ಸುಗ್ಗಿ ಮುಗಿದ ಮೇಲೆ ಓಣಿಯ ಹೆಂಗಸರೆಲ್ಲ ಸೇರಿ ಬರೆಯುವುದು ವಾಡಿಕೆ. ಯಾರ ಗೋಡೆ ಯಾವುದು ಎಂದು ಯಾರೂ ಕೇಳಿದ್ದಿಲ್ಲ. ಹಿರಿಯವಳು ಹೇಳುವುದು, ಉಳಿದವರು ಕೇಳುವುದು, ಅಷ್ಟೆ. ಅಸೆಂಬ್ಲಿಗೆ ಅದು ಸಾಲಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಹಿಡಿದು ಕೇಳಲು ಒಂದು ಹೆಸರು ಬೇಕು ಎಂದರು. ಆ ಕೆಲಸಕ್ಕಾಗಿ ಬಂದ ಅಧಿಕಾರಿ ಬಾಯೋರ್ ಪಶ್ಚಿಮದ ಕಡೆಯ ದಗಾಬಾ ಜನದವನು. ಒಳ್ಳೆಯ ಮನುಷ್ಯ, ನಗು ಜಾಸ್ತಿ. ಉಸ್ತುವಾರಿಗೆ ಹಿರಿಯವಳಾದ ಅಯಿಂಪೋಕಾಳೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಹೊಸ ತಲೆವಸ್ತ್ರವನ್ನೂ ತೆಗೆದಿಟ್ಟಿದ್ದಳು. ಬಾಯೋರ್ ಮಾತ್ರ, ಬಂದ ಪ್ರವಾಸಿಗರ ಜೊತೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡುವವರು ಯಾರಿದ್ದಾರೆ ಎಂದು ಕೇಳಿದ. ಲಮಿಸಿ ಚಿಕ್ಕಂದಿನಲ್ಲಿ ಮಿಷನ್ ಶಾಲೆಗೆ ಹೋಗಿದ್ದವಳು. ಉಸ್ತುವಾರಿಯ ನೀಲಿ ಕೋಟು, ಬೀಗದ ಕೈ ಗೊಂಚಲು, ಎರಡೂ ಅವಳ ಪಾಲಾದವು.

ಆ ವರ್ಷ ಗೋಡೆ ಬರೆಯುವ ಕಾಲ ಬಂದಾಗ ಬಾಗಿಲಲ್ಲಿ ಒಂದು ಬೋರ್ಡು ಬಂತು. ಉಸ್ತುವಾರಿಯವಳ ಅಪ್ಪಣೆಯಿಲ್ಲದೆ ಯಾರೂ ಗೋಡೆ ಮುಟ್ಟಬಾರದು. ವರ್ಷ ವರ್ಷವೂ ತಾನೇ ಮೊದಲ ಹಿಡಿ ಮಣ್ಣು ಮೆತ್ತಿದ ಗೋಡೆಯ ಮುಂದೆ ಅಯಿಂಪೋಕಾ ಮಣ್ಣಿನ ಬುಟ್ಟಿ ಹೊತ್ತು ನಿಂತು, ಓರಗಿತ್ತಿಯ ಮುಖ ನೋಡಬೇಕಾಯಿತು. ಲಮಿಸಿ, "ನೀನು ಕೇಳಬೇಕೇ ಅಕ್ಕ" ಎಂದಳು. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಆ ಒಳ್ಳೆಯ ಮಾತನ್ನು ಅಯಿಂಪೋಕಾ ಸಂಜೆಯವರೆಗೂ ಹಲ್ಲು ಕಚ್ಚಿಕೊಂಡೇ ಸಹಿಸಿದಳು.

ಆಮೇಲೆ ಮ್ಯೂಸಿಯಂ ತುಂಬಿಸಲು ಸಾಮಾನು ಬೇಕಾಯಿತು. ಮನೆಮನೆಯಿಂದ ಹಳೆಯದನ್ನು ಕೊಡಿ, ಕೊಟ್ಟವರ ಹೆಸರನ್ನು ಪಕ್ಕದಲ್ಲೇ ಬರೆದಿಡುತ್ತೇವೆ ಎಂದು ಬಾಯೋರ್ ಸಾರಿದ. ಒಂದೇ ಒಂದು ಗಾಜಿನ ಪೆಟ್ಟಿಗೆ ತರಿಸಿದ್ದ. ಅದರೊಳಗೆ ಹೆಂಗಸರ ಕೋಣೆಯ ನೆಲುವೊಂದನ್ನು ಇಡಬೇಕೆಂದು ಅವನ ಆಸೆ.

ನಮ್ಮಲ್ಲಿ ಪ್ರತಿ ಹೆಂಗಸಿನ ಕೋಣೆಯಲ್ಲೂ ಸೋರೆಬುರುಡೆಗಳ ನೆಲುವು ತೂಗುತ್ತಿರುತ್ತದೆ. ದೊಡ್ಡವು ಕೆಳಗೆ, ಚಿಕ್ಕವು ಮೇಲೆ. ಎಲ್ಲಕ್ಕೂ ಮೇಲೆ ಮುಚ್ಚಳದ ಒಂದು ಪುಟ್ಟ ಬುರುಡೆ. ಅವಳ ಜೀವ ಇರುವುದು ಅದರಲ್ಲಿ. ಅದನ್ನು ಬೇರೆಯವರು ತೆರೆಯುವುದಿಲ್ಲ. ಅದರ ಮಾತನ್ನು ಬೇರೆಯವರು ಎತ್ತುವುದೂ ಇಲ್ಲ. ಅವಳು ಸತ್ತಾಗ ಮಗಳು ಅದನ್ನು ಇಳಿಸಿ ಎಲ್ಲರೆದುರು ಒಡೆಯುತ್ತಾಳೆ. ಮಗಳಿಲ್ಲದಿದ್ದರೆ ಓರಗಿತ್ತಿ. ಒಡೆದ ಮೇಲೆಯೇ ಅವಳು ಹಿರಿಯರ ಮನೆಯ ದಾರಿ ಹಿಡಿಯುವುದು. ಅಯಿಂಪೋಕಾಳ ಬುರುಡೆಯನ್ನೂ ಲಮಿಸಿಯ ಬುರುಡೆಯನ್ನೂ ಅತ್ತೆಯೇ ಒಂದೇ ಬಳ್ಳಿಯ ಕಾಯಿಗಳಿಂದ ಕೆತ್ತಿ ಕೊಟ್ಟಿದ್ದಳು. ಚಿತ್ತಾರವೂ ಒಂದೇ, ಹೊಗೆ ಹಿಡಿದ ಬಣ್ಣವೂ ಒಂದೇ. ಲಮಿಸಿಯದರ ಗೆರೆ ಒಂದು ಕೂದಲೆಳೆ ನಯ ಎಂದು ಕಂಡಿದ್ದವಳು ಅಯಿಂಪೋಕಾ ಒಬ್ಬಳೇ.

ಕೊಡುವ ದಿನ ಲಮಿಸಿ ತನ್ನ ನೆಲುವನ್ನು ತಂದು ಮೇಜಿನ ಮೇಲಿಟ್ಟಳು. ಪುಟ್ಟ ಬುರುಡೆಯನ್ನು ಮನೆಯಲ್ಲೇ ತೆಗೆದಿಟ್ಟು ಬಂದಿದ್ದಳು. ಹೆಂಗಸರೆಲ್ಲ ಹೊಗಳಿದರು. ಅಯಿಂಪೋಕಾ ತಡೆಯಲಾರದೆ ಮನೆಗೆ ಓಡಿ ತನ್ನದನ್ನೂ ಹೊತ್ತು ತಂದಳು. ಅವಸರದಲ್ಲಿ ಪುಟ್ಟದು ಅದರಲ್ಲೇ ಉಳಿದಿತ್ತು. ಬಾಗಿಲಲ್ಲಿ ನಿಂತು ಅದರ ಗಂಟು ಬಿಚ್ಚುತ್ತಿರುವಾಗ ಬಾಯೋರ್ ಎರಡನ್ನೂ ನೋಡಿ, ಒಂದೇ ತರಹದವು ಎರಡೇಕೆ, ಮೊದಲು ಬಂದದ್ದೇ ಇರಲಿ ಎಂದ. ಆಮೇಲೆ ಅವನ ಕಣ್ಣು ಅವಳ ಬೆರಳುಗಳ ಮೇಲೆ ಬಿತ್ತು.

"ತಡಿ ಅಜ್ಜಿ, ಅದೇನು ಮೇಲಿರೋದು? ಇವಳ ನೆಲುವಿನಲ್ಲಿ ಅದಿಲ್ವಲ್ಲ. ಅದೂ ಸೇರಿದ್ರೆ ನಿಂದೇ ಮೇಲು."

ನಿಂದೇ ಮೇಲು. ಈ ಎರಡು ಮಾತಿಗಾಗಿ ಅವಳು ಮದುವೆಯಾಗಿ ಬಂದಾಗಿನಿಂದ ಕಾದಿದ್ದಳು. ಬೆರಳು ಗಂಟನ್ನು ಬಿಟ್ಟಿತು. ಸುತ್ತ ನಿಂತ ಹೆಂಗಸರು ಮಾತು ನಿಲ್ಲಿಸಿದರು. ಬುರುಡೆಯ ಒಡತಿಯೇ ಸುಮ್ಮನಿರುವಾಗ ಹೊರಗಿನವನ ಮುಂದೆ ಅದರ ಮಾತು ಎತ್ತುವುದು ಹೇಗೆ? ಲಮಿಸಿ ಒಬ್ಬಳೇ, "ಅಕ್ಕ" ಎಂದಳು.

"ಏನು? ನಿಂದು ಬೇಡ ಅಂದ್ರು ಅಂತ ಉರೀತಾ ಇದ್ಯಾ?" ಎಂದು ಅಯಿಂಪೋಕಾ ನೆಲುವನ್ನು ಇಡಿಯಾಗಿ ಬಾಯೋರನ ಕೈಗೆ ಕೊಟ್ಟಳು.

ಅವನು ಪ್ರತಿ ಬುರುಡೆಯ ತಳದಲ್ಲೂ ಶಾಯಿಯಲ್ಲಿ ನಂಬರು ಬರೆದ, ಫೋಟೊ ತೆಗೆದ, ಗಾಜಿನೊಳಗೆ ತೂಗುಹಾಕಿದ. ಪಕ್ಕದಲ್ಲಿ ಅವಳ ಹೆಸರಿನ ಚೀಟಿ. ಲಮಿಸಿಯ ನೆಲುವು ಪಕ್ಕದ ಕತ್ತಲೆ ಕೋಣೆಯಲ್ಲಿ ಮಡಕೆಗಳ ಜೊತೆ ಸೇರಿತು. ಅಯಿಂಪೋಕಾಳಿಗೆ ಓದು ಬರದು, ಆದರೂ ತನ್ನ ಹೆಸರಿನ ಆಕಾರವನ್ನು ಕಣ್ಣಿಗೆ ತುಂಬಿಕೊಂಡಿದ್ದಳು. ಸಂತೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಒಳಗೆ ಹೋಗಿ ನೋಡುವಳು. ದಿನಾ ಬೆಳಗ್ಗೆ ಆ ಗಾಜನ್ನು ಬಟ್ಟೆ ಹಿಡಿದು ಒರೆಸುವುದು ಲಮಿಸಿಯ ಕೆಲಸ. ಲಮಿಸಿ ನೀಲಿ ಕೋಟು ಹಾಕಿಕೊಂಡು ಅಯಿಂಪೋಕಾ ಎಂಬ ಹೆಸರಿನ ಧೂಳು ಒರೆಸುವುದನ್ನು ನೋಡಿದಾಗ ಅವಳಿಗೆ ಆದ ಸುಖ ಯಾವ ಹಬ್ಬದ ಪಿಟೋ ಹೆಂಡದಲ್ಲೂ ಸಿಕ್ಕಿರಲಿಲ್ಲ. ಇಲ್ಲಿ ಎಡಗಡೆ ಉಳಿದಿದೆ ನೋಡು, ಎಂದು ತೋರಿಸುವಳು. ಲಮಿಸಿ ಎಡಗಡೆಯನ್ನೂ ಒರೆಸುವಳು.

ಹರ್ಮಟಾನ್ ಗಾಳಿ ಬೀಸುವ ಕಾಲ ಬಂತು. ಧೂಳಿಗೆ ಕೆಮ್ಮು ಹಿಡಿದು, ಜ್ವರ ಏರಿ ಅಯಿಂಪೋಕಾ ಚಾಪೆ ಹಿಡಿದಳು. ಉಳಿಯುವುದು ಕಷ್ಟ ಎಂದು ಮಕ್ಕಳು ಪಿಸುಗುಟ್ಟತೊಡಗಿದರು. ಆಗ ಮನೆಯ ಯಜಮಾನ, ಗಂಡನ ದೊಡ್ಡಪ್ಪನ ಮಗ ಅಕೊಲೋಗೊ ಬಂದು ಕೋಣೆಯ ಬಾಗಿಲಲ್ಲಿ ಕೂತು, ಖಾಲಿ ಹಗ್ಗ ತೂಗುತ್ತಿದ್ದ ಜಾಗವನ್ನೇ ನೋಡಿದ.

"ನಾಳೆ ನೀನು ಹೋದ್ರೆ ನಾವು ಒಡೆಯೋದು ಏನನ್ನ?" ಎಂದ. "ಅಟಾಂಗ ಆ ಕಡೆ ದಾರಿ ಕಾಯ್ತಾ ಇರ್ತಾನೆ. ನಿನ್ನ ಜೀವ ಸರ್ಕಾರದ ಪೆಟ್ಟಿಗೇಲಿ ಇರುತ್ತೆ. ನೀನು ಅಲ್ಲೂ ಇಲ್ಲ, ಇಲ್ಲೂ ಇಲ್ಲ, ಬಾಗಿಲಲ್ಲೇ ನಿಂತಿರಬೇಕಾಗುತ್ತೆ."

ಬಾಗಿಲಲ್ಲಿ ನಿಲ್ಲುವುದು ಎಂದೊಡನೆ ಅಯಿಂಪೋಕಾಳ ಕಣ್ಣಿಗೆ ಕಟ್ಟಿದ್ದು ಒಂದೇ ಚಿತ್ರ. ಎಷ್ಟೋ ವರ್ಷದ ಮೇಲೆ ಲಮಿಸಿ ಸಾಯುತ್ತಾಳೆ. ಹೆಣ್ಣುಮಕ್ಕಳು ಅವಳ ಬುರುಡೆ ಚಟ್ಟನೆ ಒಡೆಯುತ್ತಾರೆ. ಅವಳು ತನ್ನನ್ನು ದಾಟಿಕೊಂಡು ನೇರ ಒಳಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂರುತ್ತಾಳೆ. ಆ ಮುದುಕಿ ಅಲ್ಲೂ ಇವಳನ್ನೇ ಹೊಗಳುತ್ತಾಳೆ. ಔಷಧಿಗೆ ಬಗ್ಗದ ಜ್ವರ ಈ ಹೊಟ್ಟೆಯುರಿಗೆ ಬಗ್ಗಿತು ಎಂದು ನಾನು ನಂಬಿದ್ದೇನೆ. ವಾರ ಕಳೆಯುವಷ್ಟರಲ್ಲಿ ಅವಳು ಕೋಲೂರಿಕೊಂಡು ಬಾಯೋರನ ಕಚೇರಿಗೆ ಹೊರಟಿದ್ದಳು.

ಇಲ್ಲಿ ಒಂದು ತೊಡಕಿತ್ತು. ದಗಾಬಾ ಜನಕ್ಕೂ ನಮ್ಮ ಫ್ರಾಫ್ರಾ ಜನಕ್ಕೂ ಮುತ್ತಜ್ಜಂದಿರ ಕಾಲದಿಂದ ತಮಾಷೆಯ ನೆಂಟಸ್ತಿಕೆ. ಎದುರು ಸಿಕ್ಕರೆ ಬೈದಾಡಲೇಬೇಕು, ಸಿಟ್ಟು ಮಾಡಿಕೊಳ್ಳಬಾರದು. ಸಾವಿನ ಮನೆಯಲ್ಲೂ ಹೆಣದ ಪಕ್ಕ ನಿಂತು ಗೇಲಿ ಮಾಡುವ ಹಕ್ಕು ಅವರಿಗಿದೆ. ಇಬ್ಬರಿಗೂ ನಾಯಿಮಾಂಸ ಎಂದರೆ ಪ್ರಾಣ, ಅದರ ತಲೆ ಯಾರ ಪಾಲು ಎಂಬುದೇ ಈ ಬೈದಾಟದ ಹಳೆಯ ವಿಷಯ.

"ಬಾ ಅಜ್ಜಿ, ಸತ್ತೆ ಅಂದಿದ್ರು," ಎಂದ ಬಾಯೋರ್. "ನಿನ್ನ ತಿಥೀಲಿ ನಾಯಿತಲೆ ನಂಗೇ ಅಂತ ಕಾಯ್ತಾ ಇದ್ದೆ."

"ದಗಾಬಾಗೆ ಬಾಲಾನೇ ಜಾಸ್ತಿ," ಎಂದಳು ಅವಳು, ಅಭ್ಯಾಸಬಲದಿಂದ. ಆಮೇಲೆ ಕೂತು ನಿಜ ಹೇಳಿದಳು. "ಮಗಾ, ನಿನ್ನ ಗಾಜಿನ ಪೆಟ್ಟಿಗೇಲಿ ನನ್ನ ಜೀವ ಇದೆ. ಅದನ್ನ ವಾಪಸ್ ಕೊಡು."

ಬಾಯೋರ್ ಮೇಜು ಬಡಿದು ನಕ್ಕ. ಒಬ್ಬ ಫ್ರಾಫ್ರಾ ಹೆಂಗಸಿನ ಜೀವ ತನ್ನ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದಿದೆ, ಇನ್ನು ಮೇಲೆ ಅವಳು ವಾರವಾರವೂ ಒಂದು ನಾಯಿತಲೆ ತಂದೊಪ್ಪಿಸಬೇಕು ಎಂದು ಪಕ್ಕದ ಕೋಣೆಯವರನ್ನೂ ಕರೆದು ಹೇಳಿದ. ಅವಳು ತಮಾಷೆಯಲ್ಲ ಎಂದಳು. ಅವನು ಇನ್ನೂ ನಕ್ಕ. ಅವಳ ಕಣ್ಣಲ್ಲಿ ನೀರು ಬಂತು. ಅದಕ್ಕೆ ಅವನು, ಇಂಥ ನಟನೆ ನಮ್ಮ ಕಡೆ ಯಾರಿಗೂ ಬರಲ್ಲ ಎಂದು ಚಪ್ಪಾಳೆ ತಟ್ಟಿದ. ಅವನದೂ ತಪ್ಪಲ್ಲ. ದಗಾಬಾನ ಎದುರು ಫ್ರಾಫ್ರಾ ಅಳುವುದು ತಮಾಷೆಗಲ್ಲದೆ ಮತ್ತೇತಕ್ಕೆ?

ನಕ್ಕು ಸುಸ್ತಾದ ಮೇಲೆ ಅವಳಿಗೆ ನೀರು ಕೊಟ್ಟು, ಕಾನೂನು ಹೇಳಿದ. ಬೇರೆಲ್ಲೋ ಒಂದು ಮ್ಯೂಸಿಯಮ್ಮಿನಲ್ಲಿ ಸಾಮಾನು ಕಾಣೆಯಾದ ಮೇಲೆ ಅಸೆಂಬ್ಲಿ ಬಿಗಿ ಮಾಡಿದೆ. ನಂಬರು ಬಿದ್ದ ವಸ್ತು ಹೊರಗೆ ಹೋಗಬೇಕಾದರೆ ಇಡೀ ಅಸೆಂಬ್ಲಿ ಸೇರಿ ಒಪ್ಪಬೇಕು. ಈಗಿನ ಅಸೆಂಬ್ಲಿಯ ಅವಧಿ ಮುಗಿದಿದೆ, ಚುನಾವಣೆ ಯಾವಾಗಲೋ ಗೊತ್ತಿಲ್ಲ.

"ಅಸೆಂಬ್ಲಿನೇ ಇಲ್ಲ ಅಂದ್ಮೇಲೆ ಆ ಬುರುಡೆ ಯಾರದ್ದು?" ಎಂದು ಅವಳು ಕೇಳಿದಳು.

"ಅಸೆಂಬ್ಲಿದು," ಎಂದ ಬಾಯೋರ್. ಈ ಸಲ ಅವನು ನಗಲಿಲ್ಲ.

ಹೊರಗೆ ಬಂದರೆ ಜಗಲಿಯಲ್ಲಿ ಲಮಿಸಿ. ತಿಂಗಳ ಲೆಕ್ಕ ಒಪ್ಪಿಸಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಯಿಂಪೋಕಾ ಮುಖ ತಿರುಗಿಸಿಕೊಂಡು ನಡೆದಳು. ತಾನು ಅತ್ತದ್ದನ್ನು ಲಮಿಸಿ ನೋಡಿದಳಲ್ಲ ಎಂಬ ಸಂಕಟದಲ್ಲಿ ಬುರುಡೆಯ ಸಂಕಟವೇ ದಾರಿಯುದ್ದಕ್ಕೂ ಮರೆತುಹೋಗಿತ್ತು.

ಕೆಲವು ದಿನ ಕಳೆದು, ಒಂದು ಮಧ್ಯಾಹ್ನ ಲಮಿಸಿ ಅವಳ ಕೋಣೆಗೆ ಬಂದಳು. ಬಂದವರಿಗೆ ಕೊಡುವ ಸಜ್ಜೆಹಿಟ್ಟಿನ ನೀರನ್ನು ಅಯಿಂಪೋಕಾ ಮುಂದಿಟ್ಟಳು. ಕುಡಿದು ಮುಗಿಸಿ ಲಮಿಸಿ ನೀಲಿ ಕೋಟಿನೊಳಗಿಂದ ಪುಟ್ಟ ಬುರುಡೆಯನ್ನು ತೆಗೆದು ಚಾಪೆಯ ಮೇಲಿಟ್ಟಳು. ಅಯಿಂಪೋಕಾ ಅದನ್ನು ಎತ್ತಿ ಎದೆಗೊತ್ತಿಕೊಂಡಳು. ತಳದ ನಂಬರನ್ನು ಶಿಯಾ ಬೀಜದ ಬೆಣ್ಣೆಯಿಂದ ಉಜ್ಜಿ ತೆಗೆದಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ದಿಗಿಲಾಯಿತು.

"ನಾಳೆ ಜಿಲ್ಲಾ ಕಚೇರಿಯವರು ತಪಾಸಣೆಗೆ ಬರ್ತಾರಂತಲ್ಲೇ. ಫೋಟೊ ಹಿಡ್ಕೊಂಡು ಒಂದೊಂದೇ ನೋಡ್ತಾರೆ. ಆ ಜಾಗ ಖಾಲಿ ಇದ್ರೆ?"

"ಖಾಲಿ ಇಲ್ಲ."

"ಹೊಸ ಬುರುಡೆ ಇಟ್ಟೆಯಾ? ಒಂದೇ ನೋಟಕ್ಕೆ ಗೊತ್ತಾಗುತ್ತೆ."

"ಹೊಸದಲ್ಲ ಅಕ್ಕ. ಅದರ ಹಾಗಿರೋದು ಇನ್ನೊಂದು ಎಲ್ಲಿದೆ? ನಂದೇ ಇಟ್ಟೆ. ನಂಬರೂ ಬರೆದೆ."

ಲಮಿಸಿ ಖಾಲಿ ಪಾತ್ರೆಯನ್ನು ಕೈಯಲ್ಲಿ ತಿರುಗಿಸುತ್ತ, "ನಿಂಗೆ ಮಗಳಿಲ್ಲ. ನಿನ್ನ ಬುರುಡೆ ಒಡೆಯೋ ಕೈ ನಂದೇ. ಇಲ್ಲದ್ದನ್ನ ನಾನು ಹೇಗೆ ಒಡೀಲಿ?" ಎಂದಳು. "ನಂಗಿನ್ನೂ ವಯಸ್ಸಿದೆ. ಅಷ್ಟರಲ್ಲಿ ಅಸೆಂಬ್ಲಿ ಬಂದಿರುತ್ತೆ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಅವಳನ್ನು ತಬ್ಬಿಕೊಂಡು ಅಳುತ್ತಿದ್ದರು, ಹಳೆಯದೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅಯಿಂಪೋಕಾ ಅತ್ತಳು ನಿಜ, ಲಮಿಸಿ ಹೋದ ಮೇಲೆ. ಅದೂ ಸಿಟ್ಟಿಗೆ. ಇದನ್ನೂ ಅವಳೇ ಮಾಡಿಬಿಟ್ಟಳಲ್ಲ! ಬೀಗದ ಕೈ ತನ್ನ ಸೊಂಟದಲ್ಲಿದ್ದು, ಲಮಿಸಿಯ ಜೀವ ಪೆಟ್ಟಿಗೆಯಲ್ಲಿದ್ದಿದ್ದರೆ ತಾನು ಹೀಗೆ ಮಾಡುತ್ತಿದ್ದೆನೇ ಎಂದು ಅವಳು ಕೇಳಿಕೊಂಡಳು. ಮಾಡುತ್ತಿರಲಿಲ್ಲ. ಬದಲಿಗೆ ದಿನಾ ಹೋಗಿ ಗಾಜು ಒರೆಸಿ ಬರುತ್ತಿದ್ದಳು, ಅಷ್ಟೆ. ಸಾರು, ಮೊಟ್ಟೆ, ಗೆರೆ, ಕೋಟು ಎಲ್ಲದರಲ್ಲೂ ಸೋತದ್ದನ್ನು ಹೇಗೋ ನುಂಗಿದ್ದಳು. ಒಳ್ಳೆತನದಲ್ಲಿ ಸೋತದ್ದು ಗಂಟಲಲ್ಲೇ ನಿಂತಿತು.

ಮರುದಿನ ತಪಾಸಣೆಯ ತಂಡ ಬಂತು. ಗೋಡೆ ತಟ್ಟಿ ನೋಡಿದರು, ಮಾಡು ನೋಡಿದರು, ಮಡಕೆ ಎಣಿಸಿದರು. ಗಾಜಿನ ಪೆಟ್ಟಿಗೆಯ ಮುಂದೆ ತಂಡದ ಮುಖ್ಯಸ್ಥೆ, ಕನ್ನಡಕದ ಹೆಂಗಸು, ಫೋಟೊ ಹಿಡಿದು ಬಹಳ ಹೊತ್ತು ನಿಂತಳು. ಲಮಿಸಿ ಗೊಂಚಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಯಿಂಪೋಕಾ ನೋಡಲು ಬಂದ ಓಣಿಯವರ ನಡುವೆ ನುಗ್ಗಿ ಮುಂದೆ ಬಂದಿದ್ದಳು.

"ಫೋಟೊದಲ್ಲಿ ಈ ಪುಟ್ಟ ಬುರುಡೆ ಇಷ್ಟು ಚೆನ್ನಾಗಿ ಬಂದಿಲ್ಲ," ಎಂದಳು ಆಕೆ ಕೊನೆಗೆ. "ಎಷ್ಟು ನಯವಾದ ಗೆರೆ ನೋಡಿ. ಇಡೀ ಮನೆಗೆ ಇದೇ ಮೇಲು. ಕೊಟ್ಟವರು ಯಾರು?"

ಬಾಯೋರ್ ಅಯಿಂಪೋಕಾಳ ತೋಳು ಹಿಡಿದು ಮುಂದೆ ತಂದ. ಎಲ್ಲರೂ ಚಪ್ಪಾಳೆ ಹೊಡೆದರು, ಬಾಗಿಲಲ್ಲಿ ಲಮಿಸಿಯೂ. ಇದು ನನ್ನದಲ್ಲ, ಅವಳದು ಎಂಬ ಮಾತು ನಾಲಿಗೆಯ ಮೇಲಿತ್ತು. ಆಡಿದರೆ ಲಮಿಸಿಯ ಕೋಟು ಹೋಗುತ್ತದೆ, ಗೊಂಚಲು ಹೋಗುತ್ತದೆ. ಇಷ್ಟು ವರ್ಷ ಬಯಸಿದ್ದು ಒಂದೇ ಮಾತಿನಲ್ಲಿ ಆಗಿಬಿಡುತ್ತದೆ. ಆದರೆ ಅದರ ಹಿಂದೆಯೇ ತನ್ನ ಬುರುಡೆ ಮತ್ತೆ ಗಾಜಿನೊಳಕ್ಕೆ ಹೋಗುತ್ತದೆ. ಅವಳು ಮಾತನ್ನು ನುಂಗಿ, ಲಮಿಸಿಯ ಬುರುಡೆಗೆ ಬಂದ ಚಪ್ಪಾಳೆಯನ್ನು ತನ್ನ ಹೆಸರಿನಲ್ಲಿ ತೆಗೆದುಕೊಂಡಳು. ಅಷ್ಟು ಕಹಿಯಾದ ಹೊಗಳಿಕೆಯನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

ಚುನಾವಣೆ ಇನ್ನೂ ಆಗಿಲ್ಲ. ಅಯಿಂಪೋಕಾ ಈಗ ದಿನಾ ಮ್ಯೂಸಿಯಮ್ಮಿಗೆ ಹೋಗಿ ಗಾಜಿನ ಪೆಟ್ಟಿಗೆಯ ಪಕ್ಕ ಕೂರುತ್ತಾಳೆ. ಮಕ್ಕಳು ಗಾಜಿಗೆ ಕೈ ಒರಗಿಸಿದರೆ ಗದರುತ್ತಾಳೆ. ಮುದುಕಿಗೆ ತನ್ನ ಹೆಸರಿನ ಹುಚ್ಚು ಎಂದು ಜನ ನಗುತ್ತಾರೆ. ಅವಳ ಭಯ ಬೇರೆ. ಲಮಿಸಿ ತನಗಿಂತ ಮೊದಲು ಹೋದರೆ, ಗಾಜಿನೊಳಗಿರುವುದು ಅವಳ ಜೀವ ಎಂದು ಹೇಳುವವಳು ತಾನೊಬ್ಬಳೇ. ತಾನು ಹೋಗಿ ಹೇಳಬೇಕಾದದ್ದು ಬಾಯೋರನಿಗೆ. ಅವನು ಮೇಜು ಬಡಿದು ನಗುತ್ತಾನೆ.

ಹೋದ ವಾರ ಲಮಿಸಿ ಕೆಲಸದ ನಡುವೆ ಎರಡು ಸಲ ಕೆಮ್ಮಿದಳು. ಅಯಿಂಪೋಕಾ ಮನೆಗೆ ಹೋಗಿ ಶುಂಠಿ ಹಾಕಿದ ಬಿಸಿ ಗಂಜಿ ಮಾಡಿ ತಂದು, ಅವಳ ಮುಂದೆ ಕುಕ್ಕಿದಳು.

"ಕುಡಿ. ತಳದವರೆಗೂ ಕುಡಿ. ನನಗಿಂತ ಮೊದಲು ನೀನು ಹೋಗೋ ಹಾಗಿಲ್ಲ, ತಿಳೀತಾ?"

ಲಮಿಸಿ ಗಂಜಿ ಊದಿಕೊಳ್ಳುತ್ತ ಅವಳ ಮುಖ ನೋಡಿದಳು. "ಸಾಯೋದರಲ್ಲೂ ಹೊಟ್ಟೆಕಿಚ್ಚಾ ಅಕ್ಕ?"

"ಹೂಂ," ಎಂದಳು ಅಯಿಂಪೋಕಾ. "ಅದರಲ್ಲಾದ್ರೂ ನಾನು ಮೊದಲು."